ಹಗ್ಗ ಕೊಯ್ದವನು

ಕಾರವಾರ ಕೋರ್ಟಿನೆದುರು, ನೋಟರಿಯ ಮೇಜು.
ಉಸಿರಿನ ಯಂತ್ರ ಬೇಡ, ಬರೆಸಿದೆ.
ಮೂಗಿನ ನಳಿಗೆ? ಅದರಲ್ಲಿ ಬಂಗಡೆ ಸಾರು ಇಳಿಯುತ್ತದಾ ಎಂದೆ.
ನೋಟರಿ ನಗಲಿಲ್ಲ. ಅದೂ ಬೇಡ.

‘ಮಾತು ನಿಂತಾಗ ನಿಮ್ಮ ಪರ ಹೇಳುವವರು?’
ಹೆಂಡತಿಯ ಹೆಸರು ನಾಲಗೆಗೆ ಬಂತು;
ಅವಳು ಹಗ್ಗ ಬಿಡುವವಳಲ್ಲ.

ಆ ವರ್ಷ ದೇವಗಡದ ಬಂಡೆಗೆ ಬಲೆ ಸಿಕ್ಕಿ
ದೋಣಿ ಒಂದೇ ಮಗ್ಗುಲಲ್ಲಿ ನೀರು ಕುಡಿಯುವಾಗ
ನಾನಿನ್ನೂ ಎಳೀರಿ, ಎಳೀರಿ ಎನ್ನುತ್ತಿದ್ದೆ.
ಖೇಮು ಕೇಳಲಿಲ್ಲ. ಕೊಯ್ದ.
ಎರಡು ಲಕ್ಷದ ಬಲೆ.
ದಡಕ್ಕೆ ಬಂದು, ಎಲ್ಲರೆದುರು,
ಅವನ ಕೆನ್ನೆಗೆ ಬಾರಿಸಿದ್ದೆ.

ಬೈತಖೋಲದ ಐಸ್ ಫ್ಯಾಕ್ಟರಿಗೆ ಹೋಗಿ
ಕಾಗದ ಚಾಚಿದೆ.
ಒದ್ದೆ ಕೈ ಲುಂಗಿಗೆ ಒರೆಸಿ, ನಿಧಾನ ಓದಿದ.
‘ಈ ಸಲ ಹೊಡೆಯೋಕೆ
ನೀನಿರೋದಿಲ್ಲ, ತಾಂಡೇಲ.’

ಆಮೇಲೆ ಪೆನ್ನು ಕೇಳಿದ.