ದಂತ್ಯ

ಮೇಲಿನ ಸಾಲಿನ ಮುಂದಿನವು ಎರಡು, ಬಲಕ್ಕೊಂದು ದವಡೆಯದು
ಹೋಗಿ ಆರು ತಿಂಗಳು.
ಹಲಗೆಯ ಮೇಲೆ ತ ಥ ದ ಧ ನ ಬರೆದು
‘ನಾಲಗೆ ಹಲ್ಲಿಗೆ ತಾಗಲಿ’ ಅನ್ನುತ್ತೇನೆ ಮಕ್ಕಳಿಗೆ.
ನನ್ನದು ತಾಗುವುದು ಗಾಳಿಗೆ.
ಎಲ್ಲರೂ ನಗುತ್ತಾರೆ, ಭೀಮಾಶಂಕರನೊಬ್ಬ ನಗುವುದಿಲ್ಲ;
ಅವನಿಗೂ ಬಿದ್ದಿವೆ, ಅವೇ ಎರಡು.
ಅವನವು ಬರುತ್ತವೆ.

ಕಲಬುರಗಿ, ಸೂಪರ್ ಮಾರ್ಕೆಟ್ ಹತ್ತಿರ, ಎರಡನೇ ಮಹಡಿ.
ಡಾಕ್ಟರ್ ಸೂಫಿಯಾ, ಚಿತ್ತಾಪುರದಲ್ಲಿ ನನ್ನ ಕೈಯಲ್ಲೇ ಕಲಿತವಳು,
ಧನುಸ್ಸನ್ನು ದನುಸು ಅಂತ ಬರೆದು ಪೆಟ್ಟು ತಿಂದವಳು,
‘ಬಾಯಿ ತೆಗೀರಿ ಟೀಚರ್’ ಅಂದಳು.
ತೆಗೆದೆ. ಕನ್ನಡಿ ತಣ್ಣಗಿತ್ತು.

‘ಸ್ಕ್ರೂ ಕೂಡಿಸಿದ್ರ ಕಾಯಂ ನೋಡ್ರಿ.
ಆದ್ರ ಎಲುಬು ತೆಳ್ಳಗದ, ಶುಗರ್ ಇಳೀಬೇಕು,
ನಾಕೈದು ತಿಂಗಳು ಕಾಯಬೇಕು.
ತಂತಿ ಸೆಟ್ಟಾದ್ರ ಹದಿನೈದೇ ದಿನ,
ರಾತ್ರಿ ತೆಗೆದು ನೀರಾಗ ಇಡ್ರಿ.’
ರೊಕ್ಕ ಎಷ್ಟೆಂದು ಬಾಯಿಬಿಟ್ಟು ಹೇಳಲಿಲ್ಲ,
ಚೀಟಿಯಲ್ಲಿ ಬರೆದು ಸರಿಸಿದಳು.
ಅಕ್ಷರ ದುಂಡಗಿತ್ತು.

ಕಾಯಂ!
ಹನ್ನೊಂದು ವರ್ಷ ಕಾದಿದ್ದೆ ಆ ಒಂದು ಶಬ್ದಕ್ಕೆ,
ತಿಂಗಳ ಸಂಬಳ ತಿಂಗಳಿಗೆ ಬರದೆ.
ನಿವೃತ್ತಿಗೆ ಈಗ ಏಳೇ ತಿಂಗಳು.
ಎಲುಬು ಸ್ಕ್ರೂವನ್ನು ಅಪ್ಪಿಕೊಳ್ಳುವ ಹೊತ್ತಿಗೆ
ಮಕ್ಕಳು ಪ ಫ ಬ ದಾಟಿ
ಳ ತನಕ ಹೋಗಿರುತ್ತಾರೆ.
ಖಡಕ್ ರೊಟ್ಟಿ ಸಾರಿನಲ್ಲಿ ನೆನೆಯಲಿ,
ಅದಕ್ಕೆ ಅಭ್ಯಾಸವಿದೆ.
‘ತಂತಿಯದೇ ಮಾಡವ್ವ’ ಅಂದೆ.
ಇಳಿಯುವಾಗ ಮೆಟ್ಟಿಲ ಮೇಲೆ ತಪ್ಪೇನೋ ಅನ್ನಿಸಿತು,
ಬಸ್ಸಿನಲ್ಲೂ ಅನ್ನಿಸಿತು.

ಸೋಮವಾರ ಭೀಮಾಶಂಕರ ಮೇಜಿನ ತನಕ ಬಂದ:
‘ನಿಮ್ಮವು ಯಾವಾಗ ಬರ್ತಾವ್ರೀ?’
‘ಹದಿನೈದು ದಿನಕ್ಕ.’
ಒಸಡಿಗೆ ಬೆರಳಿಟ್ಟು ನೋಡಿಕೊಂಡ,
ಪಂದ್ಯಕ್ಕೆ ಬಿದ್ದವನ ಹಾಗೆ.