ನೂರಕ್ಕೆ ನೂರ ಎಂಬತ್ತೈದು

ಜಂಬಿಯಾನಿಯ ಕಡಲು ಆ ಬೆಳಿಗ್ಗೆ
ಒಂದು ಮೈಲಿ ಹಿಂದಕ್ಕೆ ಸರಿದು ಕೂತಿತ್ತು.
ಝುವೇನಾ ಆಯ್ದು ತಂದ ಚಿಪ್ಪು
ಒರಳಲ್ಲಿ ಕುಟ್ಟಿ, ಜರಡಿ ಹಿಡಿದು,
ಫ್ಯಾನ್ ಆರಿಸಿ ಉಸಿರು ಬಿಗಿಹಿಡಿದು ತೂಗಿದೆವು:
ಆರುನೂರು ಮಿಲಿಗ್ರಾಂ.

ಚಿಪ್ಪು ನೀರಿಗೆ ಬಗ್ಗುವುದಿಲ್ಲ.
ಆಮ್ಲವನ್ನು ಹನಿಹನಿ ಕೊಟ್ಟರೆ ನಿಧಾನ ಮೆಲ್ಲುತ್ತದೆ,
ಬಣ್ಣ ಹೋಯಿತು ಅನ್ನುವಷ್ಟರಲ್ಲಿ ಮತ್ತೆ ಬರುತ್ತದೆ,
ಮುಗಿಯಿತೆಂದು ಯಾರು ಸಾರಬೇಕು?
ಅದಕ್ಕೇ ಮೊದಲೇ ಧಾರಾಳ ಸುರಿದುಬಿಡುವುದು,
ಸುರಿದದ್ದನ್ನು ಮರೆಯದೆ ಬರೆದಿಡುವುದು:
ಕಾಲು ಮೋಲಾರ್, ಐವತ್ತು ಮಿಲಿಲೀಟರ್,
ಹನ್ನೆರಡೂವರೆ ಮಿಲಿಮೋಲ್ ಆಮ್ಲ.

ಬುಸುಗುಟ್ಟಿತು. ಗಾಳಿಯೆಲ್ಲ ಹೋಗುವಂತೆ ಕುದಿಸಿ
ಕಿಟಕಿಯಲ್ಲಿ ಆರಲು ಇಟ್ಟೆವು.

ಆಮೇಲೆ ಬ್ಯುರೆಟ್ಟಿನ ಕ್ಷಾರ, ಉಳಿದ ಆಮ್ಲವನ್ನು ಹುಡುಕುತ್ತ.
ಹದಿನಾಲ್ಕನೆಯ ಮಿಲಿಲೀಟರಿಗೆ ಗುಲಾಬಿ,
ಎಷ್ಟು ತೆಳುವೆಂದರೆ ಕೆಳಗೆ ಬಿಳಿ ಹಾಳೆ ಇಟ್ಟೇ ನಂಬಬೇಕು.
ಒಂದು ದಶಾಂಶ ನಾಲ್ಕು ಬಾಕಿ ಇತ್ತು.
ಹಾಗಾದರೆ ಚಿಪ್ಪು ತಿಂದದ್ದು
ಹನ್ನೊಂದು ದಶಾಂಶ ಒಂದು.
ಇಲ್ಲಿಯವರೆಗೆ ಎಲ್ಲರ ಪುಸ್ತಕವೂ ತಾಳೆಯಾಗಿತ್ತು.

ಝುವೇನಾಳ ಉತ್ತರ: ನೂರಕ್ಕೆ ನೂರ ಎಂಬತ್ತೈದು.

ತನಗಿಂತ ತಾನೇ ಭಾರವಾದ ಚಿಪ್ಪು!
ಹಿಂದಿನ ಬೆಂಚಿನ ಹಾಜಿ ಮೇಜು ಬಡಿದು ನಕ್ಕ.
ಅವಳು ನಗಲಿಲ್ಲ, "ತಕ್ಕಡಿ ಕೆಟ್ಟಿದೆ, ಮಾಸ್ತರೇ" ಅಂದಳು.
ನಾನು ಸಮೀಕರಣ ಬರೆಯಲು ತಿರುಗಿದೆ,
ಒಂದು ಕಾರ್ಬೊನೇಟಿಗೆ ಎರಡು ಆಮ್ಲ...
ಸೀಮೆಸುಣ್ಣ ಮುರಿಯಿತು.

ಬಗ್ಗಿ ಹೆಕ್ಕುವಾಗ ಹಿಂದಿನಿಂದ ಅವಳ ದನಿ:
"ಅಮ್ಮ ಐವತ್ತು ಹುರಿದ ಮೀನು ಹೊತ್ತು ಹೋಗುತ್ತಾಳೆ.
ಮನೆಗೆ ಎರಡೇ ಎರಡು. ಒಂದು ಕೊಟ್ಟರೆ ಅಲ್ಲೊಂದು ಜಗಳ.
ನಿನ್ನೆ ಎಂಟು ಹಿಂದೆ ಬಂತು.
ನಲವತ್ತೆರಡು ಹೋಯಿತು, ಆದರೆ ಮನೆ ಇಪ್ಪತ್ತೊಂದೇ."
ಹೇಳುತ್ತ ಹೇಳುತ್ತಲೇ ಪುಸ್ತಕದಲ್ಲಿ ಅರ್ಧಕ್ಕೆ ಗೆರೆ ಎಳೆದಳು.
ಐದು ದಶಾಂಶ ಐದೈದು. ಒಂದೊಂದಕ್ಕೆ ನೂರು ಮಿಲಿಗ್ರಾಂ.
ತೊಂಬತ್ತೆರಡೂವರೆ.

ಇಪ್ಪತ್ತೆರಡು ವರ್ಷದಿಂದ ಇದನ್ನೇ ಹೇಳುತ್ತೇನೆ,
ಮೀನು ನನಗೆ ಹೊಳೆದಿರಲಿಲ್ಲ.

"ಮಿಕ್ಕ ಏಳೂವರೆ?"
ಮರಳಿರಬಹುದು, ಪಾಚಿ ಇರಬಹುದು.
ನನ್ನ ಕೈಯೂ ಇರಬಹುದು ಎಂದೆ:
ಕೊನೆಯ ಹನಿ ಒಂದು ಹೆಚ್ಚು ಬಿದ್ದರೆ
ಉಳಿಕೆ ಉಬ್ಬುತ್ತದೆ,
ಕಡಿತ ಮಾತ್ರ ಚಿಪ್ಪಿನ ಪಾಲಿಗೆ.
ಮೂರು ಸಲ ಮಾಡುವುದು ಅದಕ್ಕೇ.

ಹಾಜಿ ಫ್ಲಾಸ್ಕು ಎತ್ತಿ ಬೆಳಕಿಗೆ ಹಿಡಿದ.
ಗುಲಾಬಿ ಆಗಲೇ ಮಾಸಿತ್ತು,
ಇಷ್ಟು ಹೊತ್ತು ವಾದಿಸಿದ ನಮ್ಮೆಲ್ಲರ ಉಸಿರು ಕುಡಿದು.
"ಮತ್ತೆ ಹನಿ ಹಾಕಲೇ?"
ಬೇಡ, ಅಂಕಿ ಬರೆದಾಗಿದೆ.
ಎರಡನೆಯ ಚಿಪ್ಪು ತೂಗು.