ಕಡಿದು ತೋರಿಸುವ ಗೆರೆ

ಟಿವಿ ಗೋಪುರ ಒಂದು ಹಾಳೆಯಲ್ಲಿ ಹಿಡಿಸಲಿಲ್ಲ.
ಎ-ಜೀರೋ ಹಾಳೆ, ಮೇಜಿನಾಚೆ ಜೋತುಬೀಳುವಂಥದ್ದು;
ಆದರೂ ತಲೆ ಇಟ್ಟರೆ ಕಾಲು ಹೊರಗೆ.
ಹವಲ್ಲಿಯ ಆಫೀಸಿನಲ್ಲಿ, ಏಸಿ ತೊಟ್ಟಿಕ್ಕುವ ಬಕೆಟ್ಟಿನ ಪಕ್ಕ,
ವಲೀದ್ ನಜ್ಜಾರ್ ನನ್ನ ಪೆನ್ನು ಕಸಿದು
ನಟ್ಟನಡುವೆ ಅಂಕುಡೊಂಕು ಗೆರೆಯೊಂದ ಎಳೆದ:
‘ಇಲ್ಲಿ ಕಡಿ, ಸಂಜೀವ. ಮಧ್ಯದ್ದೆಲ್ಲ ಒಂದೇ ಥರ.
ಬುಡ ತೋರಿಸು, ತುದಿ ತೋರಿಸು,
ಉಳಿದದ್ದನ್ನು ನೋಡುವವರು ನಂಬುತ್ತಾರೆ.’

ಒಂದೇ ಥರ ಅಲ್ಲ ಅಂತ ಗೊತ್ತಿದ್ದವ ಇದಿನಬ್ಬ,
ಉಳ್ಳಾಲದ ಸರ್ವೇಯರ್,
ಬಾಂಗಿಗೂ ಮುಂಚೆ ಎದ್ದು ಲಂಬ ಹಿಡಿಯುವವ.
ಬಿಸಿಲೇರಿದ ಮೇಲೆ ಅಳೆಯಬಾರದು, ಅನ್ನುತ್ತಿದ್ದ;
ಮೂಡಣ ಮೈ ಕಾದು ಹಿಗ್ಗಿ
ಗೋಪುರ ಪಡುವಣಕ್ಕೆ ವಾಲುತ್ತದೆ, ಸಂಜೆ ಈಚೆಗೆ.
‘ನಮ್ಮ ಹಾಗೇ, ನೆರಳು ಹುಡುಕುತ್ತದೆ ಮಾರಾಯ.’

ಅಚ್ಚು ಜಾರುತ್ತ ಏರುತ್ತಿತ್ತು, ಗಂಟೆಗೆ ಒಂದು ಗೇಣು.
ನಿಲ್ಲಿಸುವಂತಿಲ್ಲ,
ನಿಂತಲ್ಲಿ ಬಳೆಯಂಥ ಕಲೆ ಉಳಿಯುತ್ತದೆ.
ಸೆಕೆಯ ರಾತ್ರಿ ಕಾಂಕ್ರೀಟಿಗೆ ಐಸು ಬೆರೆಸುವಾಗ
ಹುಡುಗರು ಒಂದು ತುಂಡು ಟೊಪ್ಪಿಯೊಳಗೂ ಇಟ್ಟುಕೊಳ್ಳುತ್ತಿದ್ದರು.
ಬುಡದಲ್ಲಿ ಎರಡು ಮೊಳದ ಗೋಡೆ,
ನಡುವಿಗೆ ಮೊಳ, ಆಮೇಲೆ ಗೇಣು.
ನನ್ನ ನಿಬ್ಬೂ ತೆಳ್ಳಗಾಗುತ್ತ ಹೋಯಿತು;
ತುದಿಯ ಉಕ್ಕಿನ ಕೋಲಿಗೆ ಕೂದಲೆಳೆಯ ಶಾಯಿ.

ಸುರತ್ಕಲ್ಲಿನಿಂದ ಹೆಂಡತಿಯ ಕಾಗದ:
‘ಇಲ್ಲಿ ಆಂಟೆನಾ ಗಾಳಿಗೆ ತಿರುಗಿದೆ, ಟಿವಿ ತುಂಬ ನುಸಿ.
ಅಷ್ಟು ದೊಡ್ಡದು ಕಟ್ಟುವವರು
ಒಬ್ಬರನ್ನಾದರೂ ಕಳಿಸಬಾರದೇ?’

ಆಗಸ್ಟ್ ಎರಡು, ಗುರುವಾರ.
ಕುವೈತ್‌ ಬಿಟ್ಟ ಬಸ್ಸಿನ ಹಿಂದಿನ ಗಾಜಿನಲ್ಲಿ, ಅದಾಗಿ ಎಷ್ಟೋ ದಿನಕ್ಕೆ,
ಅರ್ಧ ಗೋಪುರ ಕಂಡಿತು,
ಸರಳು ಕೆದರಿಕೊಂಡು.
ನಾನು ಬಿಡಿಸಿದ ಯಾವ ಹಾಳೆಯಲ್ಲೂ
ಅದು ಹಾಗಿರಲಿಲ್ಲ.

ತೊಂಬತ್ತೆರಡರಲ್ಲಿ ಮತ್ತೆ ಕರೆದರು.
ಇದಿನಬ್ಬ ಬಂದವನೇ ಕತ್ತಲಲ್ಲಿ ಏರಿ ನೋಡಿದ:
ಕೂದಲಷ್ಟೂ ಕದಲಿಲ್ಲ. ಕಲೆ ಮಾತ್ರ ಇದೆ, ಬಳೆಯ ಹಾಗೆ.
ವಲೀದನಂಥವರಿಗೆ ಮರಳುವ ವೀಸಾ ಇರಲಿಲ್ಲ.
ಅಮ್ಮಾನಿನಲ್ಲಿ ಅಳಿಯನ ಬಲ್ಬಿನ ಅಂಗಡಿ ನೋಡಿಕೊಳ್ಳುತ್ತಾನಂತೆ,
ಯಾರೋ ಹೇಳಿದರು.
ಅವನ ಮೇಜಿನ ಮೇಲೆ ಕಂಪ್ಯೂಟರ್;
ಪರದೆಯಲ್ಲಿ ಗೋಪುರ ಬುಡದಿಂದ ತುದಿಗೆ ಸರಾಗ ಸರಿಯುತ್ತದೆ,
ಎಲ್ಲಿಯೂ ಕಡಿಯಬೇಕಿಲ್ಲ.

ಹಳೆಯ ಟ್ರೇಸಿಂಗ್ ಹಾಳೆ ನನ್ನಲ್ಲೇ ಇದೆ, ಸುರುಳಿಯಾಗಿ.
ಬಿಡಿಸಿ ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟರೆ
ಅವನ ಗೆರೆಯ ಕೊನೆಯಲ್ಲಿ
ಮುಗಿಸುವಾಗ ತಡೆದ ಕೈಯ
ಒಂದು ಶಾಯಿ ಚುಕ್ಕೆ.
ಬ್ಲೇಡಿನಿಂದ ಕೆರೆದು ತೆಗೆಯುವುದು ನನ್ನ ಕೆಲಸವಾಗಿತ್ತು.
ತೆಗೆದಿಲ್ಲ.